ಹಗ್ಗ ಎಳೆದರೂ ಚಾಲೂ ಆಗದ ಎಂಜಿನ್: ನೂಕಿ ನಡೆಸುವ ಪೆಟ್ರೋಲ್ ಯಂತ್ರಗಳ ಆರೈಕೆ

ಕುರುಗೋಡು, ಸಿರುಗುಪ್ಪ ಸೀಮೆಯ ಎರೆಹೊಲಗಳಲ್ಲಿ ಹತ್ತಿ ಮತ್ತು ಮೆಣಸಿನಕಾಯಿಯ ಸಾಲುಗಳ ನಡುವೆ ಎತ್ತುಗಳ ಎಡೆಕುಂಟೆ ಓಡಾಡುತ್ತಿದ್ದ ಜಾಗದಲ್ಲಿ ಈಗ ಸಣ್ಣ ಪೆಟ್ರೋಲ್ ಎಂಜಿನ್ನಿನ ಸದ್ದು ಕೇಳಿಬರುತ್ತದೆ. ರೈತರು ಹಿಂದೆ ನಿಂತು ಹಿಡಿಕೆ ಹಿಡಿದು ನಡೆಸುವ ಕಳೆ ಯಂತ್ರ ಅದು. ಬಳ್ಳಾರಿಯಂಥ ಊರುಗಳ ಉದ್ಯಾನ, ಕಾಲೇಜು ಆವರಣ ಮತ್ತು ಆಟದ ಮೈದಾನಗಳಲ್ಲಿ ಹುಲ್ಲು ಕತ್ತರಿಸುವ ಯಂತ್ರವನ್ನು ನೀವು ನೋಡಿರಬಹುದು. ಒಂದು ಮಣ್ಣನ್ನು ಕೆದಕುತ್ತದೆ, ಇನ್ನೊಂದು ಹುಲ್ಲನ್ನು ಸವರುತ್ತದೆ. ಆದರೆ ಎರಡರ ಹೃದಯವೂ ಒಂದೇ: ಒಂದು ಸಿಲಿಂಡರ್‌ನ, ಗಾಳಿಯಿಂದ ತಣಿಯುವ, ಹಗ್ಗ ಎಳೆದು ಚಾಲೂ ಮಾಡುವ ಪುಟ್ಟ ಎಂಜಿನ್.

ಎರೆಮಣ್ಣಿನ ಗುಣ ನಿಮಗೆ ಗೊತ್ತೇ ಇದೆ. ಮಳೆ ಬಂದಾಗ ಅದು ಉಬ್ಬಿ ಅಂಟಾಗುತ್ತದೆ, ಒಣಗಿದಾಗ ಬಿರಿದು ಕಲ್ಲಾಗುತ್ತದೆ. ಈ ಎರಡು ಸ್ಥಿತಿಗಳ ನಡುವೆ ಎಡೆ ಹೊಡೆಯಲು ಬರುವ ಹದ ಕೆಲವೇ ದಿನಗಳದ್ದು. ಹತ್ತಿಯಲ್ಲಿ ಬಿತ್ತಿದ ಮೊದಲ ಎರಡು ತಿಂಗಳು ಕಳೆಯ ಪೈಪೋಟಿ ಬೆಳೆಗೆ ಬಹಳ ಹಾನಿ ಮಾಡುತ್ತದೆ. ಅಂಥ ದಿನ ಬೆಳಿಗ್ಗೆ ಇಪ್ಪತ್ತು ಸಲ ಹಗ್ಗ ಎಳೆದರೂ ಎಂಜಿನ್ ಚಾಲೂ ಆಗದಿದ್ದರೆ? ಯಂತ್ರವನ್ನು ಪೇಟೆಗೆ ಒಯ್ದು ದುರಸ್ತಿ ಮಾಡಿಸಿ ತರುವಷ್ಟರಲ್ಲಿ ಹದ ಮುಗಿದಿರುತ್ತದೆ. ಆದರೆ ಹೀಗೆ ನಿಂತುಹೋಗುವ ಎಂಜಿನ್‌ಗಳಲ್ಲಿ ಹೆಚ್ಚಿನವುಗಳ ದೋಷ ಒಂದು ಸ್ಪ್ಯಾನರ್, ಒಂದು ಬ್ರಷ್ ಮತ್ತು ಸ್ವಲ್ಪ ವಿಜ್ಞಾನದಿಂದ ಸರಿಹೋಗುವಂಥದ್ದು. ಆ ವಿಜ್ಞಾನವನ್ನು ಇಲ್ಲಿ ನೋಡೋಣ.

ಒಳಗೆ ನಡೆಯುವುದೇನು?

ಹುಲ್ಲು ಕತ್ತರಿಸುವ ಯಂತ್ರ ಎಂಜಿನ್ನಿಗಿಂತ ಹಳೆಯದು. ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ 1830ರಲ್ಲಿ ಅದಕ್ಕೆ ಪೇಟೆಂಟ್ ಪಡೆದಾಗ ಅದನ್ನು ಕೈಯಿಂದಲೇ ತಳ್ಳಬೇಕಿತ್ತು. ಜರ್ಮನಿಯ ನಿಕೊಲಸ್ ಒಟ್ಟೊ 1876ರಲ್ಲಿ ನಾಲ್ಕು ಹೊಡೆತದ ಎಂಜಿನ್ ರೂಪಿಸಿದ ಮೇಲೆ ಇಂಥ ಯಂತ್ರಗಳಿಗೆ ಎಂಜಿನ್ ಜೋಡಿಸುವ ದಾರಿ ತೆರೆಯಿತು. ಇಂದಿನ ಪುಟ್ಟ ಎಂಜಿನ್ ಕೂಡ ಅದೇ ಚಕ್ರವನ್ನು ಅನುಸರಿಸುತ್ತದೆ. ಮೊದಲ ಹೊಡೆತದಲ್ಲಿ ಪಿಸ್ಟನ್ ಕೆಳಗಿಳಿದು ಗಾಳಿ ಮತ್ತು ಪೆಟ್ರೋಲ್ ಆವಿಯ ಮಿಶ್ರಣವನ್ನು ಒಳಗೆಳೆದುಕೊಳ್ಳುತ್ತದೆ. ಎರಡನೆಯದರಲ್ಲಿ ಮೇಲೇರಿ ಅದನ್ನು ಒತ್ತುತ್ತದೆ, ಇದೇ ಸಂಪೀಡನ. ಆಗ ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸುತ್ತದೆ. ಮೂರನೆಯದರಲ್ಲಿ ಉರಿದ ಅನಿಲ ಹಿಗ್ಗಿ ಪಿಸ್ಟನ್ನನ್ನು ಕೆಳಗೆ ತಳ್ಳುತ್ತದೆ. ನಾಲ್ಕನೆಯದರಲ್ಲಿ ಹೊಗೆ ಹೊರಹೋಗುತ್ತದೆ.

ಇಂಥ ಯಂತ್ರಗಳಲ್ಲಿ ಬಹಳವಾಗಿ ಬಳಕೆಯಲ್ಲಿರುವ ಒಂದು ಎಂಜಿನ್ನಿನ ಸಿಲಿಂಡರ್ ವ್ಯಾಸ 68 ಮಿ.ಮೀ., ಪಿಸ್ಟನ್ ಚಲಿಸುವ ದೂರ 45 ಮಿ.ಮೀ. ಅದರ ಗಾತ್ರವನ್ನು ವಿದ್ಯಾರ್ಥಿಗಳೇ ಲೆಕ್ಕ ಹಾಕಬಹುದು: 3.14 × 3.4 × 3.4 × 4.5, ಅಂದರೆ ಸುಮಾರು 163 ಘನ ಸೆಂ.ಮೀ. ಈ ಎಂಜಿನ್ ನಿಮಿಷಕ್ಕೆ 3600 ಸುತ್ತು ತಿರುಗಿದರೆ ಸೆಕೆಂಡಿಗೆ 60 ಸುತ್ತು. ಎರಡು ಸುತ್ತಿಗೊಮ್ಮೆ ದಹನವಾಗುವುದರಿಂದ ಸೆಕೆಂಡಿಗೆ 30 ದಹನ! ಇಷ್ಟು ವೇಗದಲ್ಲಿ ನಡೆಯುವ ಕೆಲಸದಲ್ಲಿ ಒಂದು ಕೊಂಡಿ ಕಳಚಿದರೂ ಎಂಜಿನ್ ನಿಲ್ಲುತ್ತದೆ.

ಆ ಕೊಂಡಿಗಳು ನಾಲ್ಕೇ: ಗಾಳಿ, ಇಂಧನ, ಕಿಡಿ, ಸಂಪೀಡನ. ಎಂಜಿನ್ ಚಾಲೂ ಆಗಲಿಲ್ಲವೆಂದರೆ ಇವುಗಳಲ್ಲಿ ಒಂದು ಇಲ್ಲ, ಅಥವಾ ಸರಿಯಾದ ಹೊತ್ತಿಗೆ ಒದಗುತ್ತಿಲ್ಲ. ಊಹಿಸಿ ಬಿಚ್ಚುತ್ತಾ ಹೋಗುವ ಬದಲು ಒಂದೊಂದನ್ನೇ ಪರೀಕ್ಷಿಸಿ ಪಕ್ಕಕ್ಕಿಡುವುದೇ ದೋಷಶೋಧನೆಯ ಕ್ರಮ. ಸುಲಭವಾದುದನ್ನು ಮೊದಲು ನೋಡಿ. ಟ್ಯಾಂಕಿನಲ್ಲಿ ಪೆಟ್ರೋಲ್ ಇದೆಯೇ? ಪೆಟ್ರೋಲ್ ಕಾಕ್ ತೆರೆದಿದೆಯೇ? ನಿಲ್ಲಿಸುವ ಸ್ವಿಚ್ಚು ಚಾಲೂ ಸ್ಥಾನದಲ್ಲಿದೆಯೇ? ಎಂಜಿನ್ ಆಯಿಲ್ ಸಾಕಷ್ಟಿದೆಯೇ? ಹಲವು ಎಂಜಿನ್‌ಗಳಲ್ಲಿ ಆಯಿಲ್ ಕಡಿಮೆಯಾದಾಗ ಕಿಡಿಯನ್ನೇ ತಡೆಯುವ ಸಂವೇದಕವಿರುತ್ತದೆ. ಇದನ್ನು ಅರಿಯದೆ ಪ್ಲಗ್ ಬದಲಿಸುವವರು ಎಷ್ಟೋ ಮಂದಿ.

ಇಂಧನ: ಹಳಸುವ ಪೆಟ್ರೋಲ್

ಪೆಟ್ರೋಲ್ ಒಂದೇ ದ್ರವವಲ್ಲ, ನೂರಾರು ಹೈಡ್ರೋಕಾರ್ಬನ್‌ಗಳ ಮಿಶ್ರಣ. ಅದರಲ್ಲಿನ ಹಗುರ ಅಂಶಗಳು 35-40 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯತೊಡಗುತ್ತವೆ. ತಣ್ಣಗಿರುವ ಎಂಜಿನ್ ಚಾಲೂ ಆಗಲು ಬೇಕಾದದ್ದು ಈ ಹಗುರ ಅಂಶಗಳೇ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಳ್ಳಾರಿಯ ಬಿಸಿಲಿನಲ್ಲಿ ತಗಡಿನ ಶೆಡ್ಡಿನೊಳಗೆ ತಿಂಗಳುಗಟ್ಟಲೆ ನಿಂತ ಯಂತ್ರದಲ್ಲಿ ಅವು ಮೊದಲು ಆರಿಹೋಗುತ್ತವೆ. ಉಳಿದ ಭಾರವಾದ ಅಂಶಗಳು ಆಮ್ಲಜನಕದೊಡನೆ ವರ್ತಿಸಿ ಅಂಟಾಗುತ್ತವೆ. ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಚಿಮ್ಮುವ ಜೆಟ್‌ನ ರಂಧ್ರ ಒಂದು ಮಿ.ಮೀ.ಗಿಂತಲೂ ಕಿರಿದು, ಅದು ಮುಚ್ಚಿಕೊಳ್ಳಲು ತೆಳುವಾದ ಅಂಟಿನ ಪೊರೆ ಸಾಕು.

ಇದರ ಜೊತೆಗೆ ಇನ್ನೊಂದು ಸಂಗತಿ ಸೇರಿದೆ. 2025ರ ವೇಳೆಗೆ ನಮ್ಮ ದೇಶದ ಪೆಟ್ರೋಲ್ ಬಂಕುಗಳಲ್ಲಿ ಶೇಕಡ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಸಾಮಾನ್ಯವಾಯಿತು. ಎಥನಾಲ್ ನೀರನ್ನು ಪ್ರೀತಿಸುವ ವಸ್ತು. ಮಳೆಗಾಲದ ತೇವದ ಗಾಳಿಯಿಂದಲೋ ಸಡಿಲ ಮುಚ್ಚಳದಿಂದಲೋ ಟ್ಯಾಂಕಿಗೆ ಸೇರಿದ ನೀರು ಒಂದು ಮಿತಿ ಮೀರಿದರೆ ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನೊಡನೆ ಸೇರಿ ತಳಕ್ಕಿಳಿಯುತ್ತದೆ. ಕಾರ್ಬ್ಯುರೇಟರ್‌ಗೆ ಪೆಟ್ರೋಲ್ ಹೋಗುವುದು ತಳದಿಂದಲೇ. ಆಗ ಟ್ಯಾಂಕ್ ತುಂಬಿದ್ದರೂ ಎಂಜಿನ್ನಿಗೆ ಸಿಗುವುದು ಉರಿಯದ ನೀರು ಮಿಶ್ರಣ. ಎಥನಾಲ್‌ನಲ್ಲೇ ಆಮ್ಲಜನಕವಿರುವುದರಿಂದ ಅದು ಉರಿಯಲು ಪೆಟ್ರೋಲಿಗಿಂತ ಕಡಿಮೆ ಗಾಳಿ ಸಾಕು. ಶುದ್ಧ ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕಾದರೆ ಎಥನಾಲಿಗೆ ಸುಮಾರು 9 ಪಾಲು ಸಾಕು. ಹಳೆಯ ಎಂಜಿನ್ನಿನ ಜೆಟ್ ಶುದ್ಧ ಪೆಟ್ರೋಲಿಗೆ ಹೊಂದುವಂತೆ ಕೊರೆದದ್ದಾದ್ದರಿಂದ ಅದರಲ್ಲಿ ಮಿಶ್ರಣ ತೆಳುವಾಗಿ ಎಂಜಿನ್ ಹೆಚ್ಚು ಬಿಸಿಯಾಗಬಹುದು. ಆದ್ದರಿಂದ ನಿಮ್ಮ ಯಂತ್ರಕ್ಕೆ ಎಷ್ಟು ಎಥನಾಲ್ ಒಗ್ಗುತ್ತದೆ ಎಂಬುದನ್ನು ಅದರ ಕೈಪಿಡಿಯಲ್ಲಿ ನೋಡಿ.

ಪರಿಹಾರ ಸರಳ. ಎರಡು ಮೂರು ವಾರಕ್ಕೆ ಸಾಕಾಗುವಷ್ಟೇ ಪೆಟ್ರೋಲ್ ತನ್ನಿ. ಹಂಗಾಮು ಮುಗಿದ ಮೇಲೆ ಟ್ಯಾಂಕನ್ನು ಬರಿದು ಮಾಡಿ, ಕಾಕ್ ಮುಚ್ಚಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ. ಆಗ ಕಾರ್ಬ್ಯುರೇಟರ್‌ನ ಬಟ್ಟಲೂ ಖಾಲಿಯಾಗುತ್ತದೆ. ಅದರ ತಳದಲ್ಲಿ ಬಸಿಯುವ ತಿರುಪು ಇದ್ದರೆ ಅದನ್ನೂ ಬಿಚ್ಚಿ ಉಳಿದ ಹನಿಗಳನ್ನು ತೆಗೆಯಿರಿ. ಜೆಟ್ ಮುಚ್ಚಿದ್ದರೆ ಕಾರ್ಬ್ಯುರೇಟರ್ ಕ್ಲೀನರ್ ಹಾಗೂ ಒತ್ತಿದ ಗಾಳಿ ಬಳಸಿ. ಸೂಜಿ ಅಥವಾ ತಂತಿ ತೂರಿಸಿದರೆ ಮೆದುವಾದ ಹಿತ್ತಾಳೆಯ ರಂಧ್ರ ದೊಡ್ಡದಾಗಿ ಮಿಶ್ರಣ ಶಾಶ್ವತವಾಗಿ ಕೆಡುತ್ತದೆ.

ಇನ್ನೊಂದು ಸಣ್ಣ ದೋಷ ದೊಡ್ಡವರನ್ನೂ ದಾರಿ ತಪ್ಪಿಸುತ್ತದೆ. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯಾಡಲು ಸೂಕ್ಷ್ಮ ರಂಧ್ರವಿದೆ. ಅದರಲ್ಲಿ ಧೂಳು ತುಂಬಿದರೆ ಪೆಟ್ರೋಲ್ ಇಳಿದಂತೆ ಟ್ಯಾಂಕಿನೊಳಗೆ ಒತ್ತಡ ಕುಸಿದು ಹರಿವು ನಿಲ್ಲುತ್ತದೆ. ಬಾಯಿಯನ್ನು ಬೆರಳಿನಿಂದ ಮುಚ್ಚಿದ ಹೀರುಕೊಳವೆಯಲ್ಲಿ ನೀರು ನಿಲ್ಲುವ ತತ್ತ್ವವೇ ಇದು. ಹತ್ತು ಹದಿನೈದು ನಿಮಿಷ ಓಡಿ ನಿಂತ ಎಂಜಿನ್, ಮುಚ್ಚಳ ಸಡಿಲಿಸಿದೊಡನೆ ಮತ್ತೆ ಚಾಲೂ ಆದರೆ ದೋಷ ಅಲ್ಲೇ ಇದೆ ಎಂದು ತಿಳಿಯಿರಿ.

ಗಾಳಿ: ಧೂಳಿನ ಲೆಕ್ಕ

ಮೇಲಿನ ಎಂಜಿನ್ ನಿಮಿಷಕ್ಕೆ 1800 ಸಲ ಗಾಳಿ ಎಳೆದುಕೊಳ್ಳುತ್ತದೆ. ಪ್ರತಿ ಸಲ ಸಿಲಿಂಡರ್ ಪೂರ್ಣ ತುಂಬದಿದ್ದರೂ, ಪೂರ್ಣ ಹೊರೆಯಲ್ಲಿ ಶೇಕಡ 80ರಷ್ಟು ತುಂಬುತ್ತದೆಂದು ಭಾವಿಸಿದರೆ ನಿಮಿಷಕ್ಕೆ ಸುಮಾರು 235 ಲೀಟರ್, ಗಂಟೆಗೆ 14 ಸಾವಿರ ಲೀಟರ್ ಗಾಳಿ! ಒಣ ಹೊಲದ ಧೂಳಿನ ನಡುವೆ ಈ ಗಾಳಿಯನ್ನು ಸೋಸುವುದು ಅಂಗೈ ಅಗಲದ ಏರ್ ಫಿಲ್ಟರ್. ಮಣ್ಣಿನಲ್ಲಿರುವ ಸ್ಫಟಿಕ ಶಿಲೆಯ ಕಣದ ಕಾಠಿಣ್ಯ ಮೋಸ್ ಮಾಪಕದಲ್ಲಿ 7. ಅಲ್ಯೂಮಿನಿಯಂನದು 3ಕ್ಕಿಂತ ಕಡಿಮೆ. ಫಿಲ್ಟರ್ ಹರಿದಿದ್ದರೆ ಈ ಕಣಗಳು ಪಿಸ್ಟನ್ ಮತ್ತು ಸಿಲಿಂಡರ್ ನಡುವೆ ಮರಳು ಕಾಗದದಂತೆ ಕೆಲಸ ಮಾಡಿ ಒಂದೇ ಹಂಗಾಮಿನಲ್ಲಿ ಎಂಜಿನ್ನನ್ನು ಸವೆಸಬಲ್ಲವು. ಫಿಲ್ಟರ್ ಕಟ್ಟಿಕೊಂಡಿದ್ದರೆ ಗಾಳಿ ಸಾಲದೆ ಮಿಶ್ರಣ ಗಾಢವಾಗಿ ಕಪ್ಪು ಹೊಗೆ ಬರುತ್ತದೆ, ಶಕ್ತಿ ಕುಗ್ಗುತ್ತದೆ, ಪೆಟ್ರೋಲ್ ಹೆಚ್ಚು ಖರ್ಚಾಗುತ್ತದೆ.

ಧೂಳಿನ ಕೆಲಸವಿದ್ದ ದಿನವೆಲ್ಲ ಫಿಲ್ಟರ್ ತೆಗೆದು ನೋಡಿ. ಸ್ಪಂಜನ್ನು ಸೋಪಿನ ನೀರಿನಲ್ಲಿ ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ, ಕೈಪಿಡಿ ಹೇಳಿದ್ದರೆ ಸ್ವಚ್ಛ ಆಯಿಲ್‌ನಲ್ಲಿ ಅದ್ದಿ ಹಿಂಡಿ ಹಾಕಿ. ಕಾಗದದ ಫಿಲ್ಟರನ್ನು ಮೆಲ್ಲಗೆ ತಟ್ಟಿ, ಇಲ್ಲವೇ ಒಳಗಿನಿಂದ ಹೊರಗೆ ಕಡಿಮೆ ಒತ್ತಡದಲ್ಲಿ ಗಾಳಿ ಊದಿ. ಅದನ್ನು ತೊಳೆಯಬಾರದು. ಕೆಲವು ಕಳೆ ಯಂತ್ರಗಳಲ್ಲಿ ಆಯಿಲ್ ತುಂಬಿದ ಬಟ್ಟಲಿನ ಫಿಲ್ಟರ್ ಇರುತ್ತದೆ. ಅದರ ಆಯಿಲ್ ಕೆಸರಾದೊಡನೆ ಬದಲಿಸಿ. ಫಿಲ್ಟರ್ ಇಲ್ಲದೆ ಒಂದು ಸಾಲು ಹೊಡೆಯುವುದೂ ಬೇಡ.

ಕಿಡಿ: ಬ್ಯಾಟರಿ ಇಲ್ಲದ ವಿದ್ಯುತ್ತು

ಈ ಎಂಜಿನ್ನಿಗೆ ಬ್ಯಾಟರಿ ಇಲ್ಲ. ಹಾಗಾದರೆ ಕಿಡಿ ಎಲ್ಲಿಂದ? ಗತಿಚಕ್ರದ ಅಂಚಿನಲ್ಲಿ ಅಯಸ್ಕಾಂತ ಕೂರಿಸಿದ್ದಾರೆ. ನೀವು ಹಗ್ಗ ಎಳೆದಾಗ ಅದು ಸುರುಳಿಯೊಂದರ ಮುಂದೆ ವೇಗವಾಗಿ ಹಾದುಹೋಗುತ್ತದೆ. ಕಾಂತಕ್ಷೇತ್ರ ಬದಲಾದಾಗ ಸುರುಳಿಯಲ್ಲಿ ವಿದ್ಯುತ್ತು ಪ್ರೇರಿತವಾಗುತ್ತದೆ ಎಂದು ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿದ್ದು ಇದನ್ನೇ. ಸಾವಿರಾರು ವೋಲ್ಟ್‌ಗೆ ಏರಿದ ಈ ವಿದ್ಯುತ್ತು ಪ್ಲಗ್‌ನ ತುದಿಯ ಸಂದಿಯನ್ನು ಕಿಡಿಯಾಗಿ ದಾಟುತ್ತದೆ. ಹಗ್ಗವನ್ನು ಮೆಲ್ಲಗೆ ಎಳೆದರೆ ಕಿಡಿ ದುರ್ಬಲ. ಬಿಗಿ ಸಿಕ್ಕುವವರೆಗೆ ನಿಧಾನವಾಗಿ, ಅನಂತರ ಒಂದೇ ಸಮ ಜೋರಾಗಿ ಎಳೆಯಬೇಕು ಎನ್ನುವುದು ಇದಕ್ಕೇ.

ಪ್ಲಗ್ ಬಿಚ್ಚಿ ಅದರ ಮುಖ ನೋಡಿ. ಅದು ಎಂಜಿನ್ನಿನ ಒಳಗಿನ ಸುದ್ದಿ ಹೇಳುತ್ತದೆ. ತೆಳು ಕಂದು ಬಣ್ಣವಿದ್ದರೆ ಎಲ್ಲವೂ ಸರಿ. ಒಣ ಕಪ್ಪು ಮಸಿ ಇದ್ದರೆ ಮಿಶ್ರಣ ಗಾಢವಾಗಿದೆ: ಚೋಕ್ ಮುಚ್ಚಿಯೇ ಓಡಿಸಿರಬಹುದು ಅಥವಾ ಫಿಲ್ಟರ್ ಕಟ್ಟಿರಬಹುದು. ಜಿಡ್ಡಿನ ಕಪ್ಪು ಇದ್ದರೆ ಸಿಲಿಂಡರ್‌ಗೆ ಆಯಿಲ್ ಸೇರುತ್ತಿದೆ. ಬೆಳ್ಳಗೆ ಸುಟ್ಟಂತಿದ್ದರೆ ಮಿಶ್ರಣ ತೆಳು ಅಥವಾ ಎಂಜಿನ್ ವಿಪರೀತ ಬಿಸಿ. ಪೆಟ್ರೋಲಿನಿಂದ ಒದ್ದೆಯಾಗಿದ್ದರೆ ಇಂಧನ ಬರುತ್ತಿದೆ, ಉರಿಯುತ್ತಿಲ್ಲ. ಹಲವು ಸಲ ಹಗ್ಗ ಎಳೆದರೂ ಪೂರ್ತಿ ಒಣಗಿದ್ದರೆ ಇಂಧನವೇ ಬರುತ್ತಿಲ್ಲ. ಈ ಕೊನೆಯ ಒಂದು ಸುಳಿವು ನಿಮ್ಮ ಹುಡುಕಾಟವನ್ನು ಅರ್ಧಕ್ಕೆ ಇಳಿಸುತ್ತದೆ.

ತುದಿಗಳ ನಡುವಿನ ಸಂದಿ ಸಾಮಾನ್ಯವಾಗಿ 0.7ರಿಂದ 0.8 ಮಿ.ಮೀ. ಇರಬೇಕು, ಫೀಲರ್ ಗೇಜ್‌ನಿಂದ ಅಳೆಯಿರಿ. ಕಿಡಿ ಪರೀಕ್ಷಿಸುವ ಮುನ್ನ ಚೆಲ್ಲಿದ ಪೆಟ್ರೋಲ್ ಒರೆಸಿ, ಆವಿ ಹೋಗಲು ಬಿಡಿ, ಪ್ಲಗ್ ಇದ್ದ ರಂಧ್ರವನ್ನು ಬಟ್ಟೆಯಿಂದ ಮುಚ್ಚಿ. ಪ್ಲಗ್ಗಿಗೆ ಅದರ ಟೊಪ್ಪಿ ಸಿಕ್ಕಿಸಿ, ರಬ್ಬರ್ ಹಿಡಿಯ ಇಕ್ಕಳದಿಂದ ಹಿಡಿದು, ಅದರ ಲೋಹದ ಮೈಯನ್ನು ರಂಧ್ರದಿಂದ ದೂರದಲ್ಲಿ ಎಂಜಿನ್ನಿಗೆ ಒತ್ತಿ ಹಗ್ಗ ಎಳೆಯಿಸಿ. ಹೊಸ ಪ್ಲಗ್‌ನಲ್ಲೂ ಕಿಡಿ ಇಲ್ಲದಿದ್ದರೆ ನಿಲ್ಲಿಸುವ ಸ್ವಿಚ್ಚಿನ ತಂತಿ ನೋಡಿ. ಸುರುಳಿಯ ವಿದ್ಯುತ್ತನ್ನು ಎಂಜಿನ್ನಿನ ಮೈಗೆ ಹರಿಸಿ ಕಿಡಿ ತಡೆಯುವುದೇ ಆ ಸ್ವಿಚ್ಚಿನ ಕೆಲಸ. ತಂತಿಯ ಹೊದಿಕೆ ಉಜ್ಜಿಹೋಗಿ ಲೋಹಕ್ಕೆ ತಾಗುತ್ತಿದ್ದರೆ ಸ್ವಿಚ್ಚು ಹೇಗಿದ್ದರೂ ಎಂಜಿನ್ ನಿಂತೇ ಇರುತ್ತದೆ.

ಸಂಪೀಡನ, ಆಯಿಲ್ ಮತ್ತು ಶಾಖ

ಗಾಳಿ, ಇಂಧನ, ಕಿಡಿ ಮೂರೂ ಸರಿಯಿದ್ದು ಹಗ್ಗ ಮಾತ್ರ ಯಾವ ಪ್ರತಿರೋಧವೂ ಇಲ್ಲದೆ ಬರುತ್ತಿದ್ದರೆ ಸಂಪೀಡನ ಸೋರುತ್ತಿದೆ. ಪ್ಲಗ್ ಸಡಿಲವಿರಬಹುದು, ಕವಾಟ ಪೂರ್ತಿ ಮುಚ್ಚದಿರಬಹುದು, ಪಿಸ್ಟನ್ ರಿಂಗ್ ಸವೆದಿರಬಹುದು. ಪ್ಲಗ್ ರಂಧ್ರದಲ್ಲಿ ಒಂದು ಚಮಚ ಆಯಿಲ್ ಹಾಕಿ ಮತ್ತೆ ಎಳೆದು ನೋಡಿ. ಬಿಗಿ ಹೆಚ್ಚಿದರೆ ದೋಷ ರಿಂಗುಗಳದು, ಏಕೆಂದರೆ ಆಯಿಲ್ ಆ ಸಂದಿಯನ್ನು ತಾತ್ಕಾಲಿಕವಾಗಿ ಮುಚ್ಚಿದೆ. ಹೆಚ್ಚದಿದ್ದರೆ ಕವಾಟವನ್ನು ಶಂಕಿಸಬೇಕು. ಹಗ್ಗ ಹಗುರವಾಗಲೆಂದು ನಿಧಾನ ವೇಗದಲ್ಲಿ ಒತ್ತಡವನ್ನು ತುಸು ಬಿಟ್ಟುಕೊಡುವ ಏರ್ಪಾಡು ಕೆಲವು ಎಂಜಿನ್‌ಗಳಲ್ಲಿದೆ. ಅವುಗಳಲ್ಲಿ ಕೈಯ ಅಂದಾಜೊಂದನ್ನೇ ನಂಬಬಾರದು. ಇಲ್ಲಿಂದ ಮುಂದಿನದು ಅನುಭವಿ ಮೆಕ್ಯಾನಿಕ್‌ನ ಕೆಲಸ.

ಸವೆತವನ್ನು ತಡೆಯುವುದು ಮಾತ್ರ ನಮ್ಮ ಕೈಯಲ್ಲಿದೆ. ಪುಟ್ಟ ಎಂಜಿನ್‌ಗಳಲ್ಲಿ ಬಹುಪಾಲಿಗೆ ಆಯಿಲ್ ಪಂಪ್ ಇಲ್ಲ. ಕೆಳಗಿನ ತೊಟ್ಟಿಯ ಆಯಿಲನ್ನು ತಿರುಗುವ ಸಣ್ಣ ಸೌಟೊಂದು ಎರಚುತ್ತದೆ. ಹಿಡಿಯುವುದು ಕೇವಲ 600 ಮಿಲಿ ಆಯಿಲ್. ಅದು ಮುಚ್ಚಳಕ್ಕೆ ಅಂಟಿದ ಕಡ್ಡಿಯ ಎರಡು ಗುರುತುಗಳ ನಡುವೆ ಇರಬೇಕು. ಯಂತ್ರವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ ನೋಡಿ. ಹೊಸ ಎಂಜಿನ್ನಿಗೆ ಮೊದಲ 20 ಗಂಟೆಯ ಬಳಿಕ, ಮುಂದೆ 100 ಗಂಟೆಗೊಮ್ಮೆ ಆಯಿಲ್ ಬದಲಿಸುವುದು ಸಾಮಾನ್ಯ ರೂಢಿ. ಧೂಳು ಹೆಚ್ಚಿದ್ದರೆ ಇನ್ನೂ ಬೇಗ. ಎಂಜಿನ್ ಬೆಚ್ಚಗಿರುವಾಗ ಬಸಿದರೆ ಕೊಳೆಯೂ ಜೊತೆಗೆ ಬರುತ್ತದೆ. ಬಸಿದ ಆಯಿಲನ್ನು ಹೊಲಕ್ಕಾಗಲಿ ಕಾಲುವೆಗಾಗಲಿ ಸುರಿಯಬೇಡಿ. ತುಂಗಭದ್ರೆಯ ಕಾಲುವೆ ನೀರು ನಮ್ಮ ಬೆಳೆಗೆ ಮಾತ್ರವಲ್ಲ, ಎಷ್ಟೋ ಊರುಗಳ ಕೊಡಗಳಿಗೂ ಹೋಗುತ್ತದೆ. ಡಬ್ಬಿಯಲ್ಲಿ ಕೂಡಿಟ್ಟು, ಹಳೆ ಆಯಿಲ್ ಕೊಳ್ಳುವ ಗ್ಯಾರೇಜಿಗೆ ಕೊಡಿ.

ಪೆಟ್ರೋಲಿನ ಶಕ್ತಿಯಲ್ಲಿ ಸುಮಾರು ಕಾಲುಭಾಗ ಮಾತ್ರ ಕೆಲಸವಾಗುತ್ತದೆ, ಉಳಿದದ್ದು ಶಾಖ. ಆ ಶಾಖವನ್ನು ಗಾಳಿಗೆ ದಾಟಿಸುವುದು ಸಿಲಿಂಡರ್ ಸುತ್ತಲಿನ ತೆಳು ರೆಕ್ಕೆಗಳು. ಅವುಗಳ ನಡುವೆ ಹುಲ್ಲು, ಹತ್ತಿಯ ಎಳೆ, ಒಣ ಕೆಸರು ತುಂಬಿದರೆ ಎಂಜಿನ್ ಕಂಬಳಿ ಹೊದ್ದಂತಾಗುತ್ತದೆ. ಎಂಜಿನ್ ತಣಿದ ಮೇಲೆ ಒಣ ಬ್ರಷ್‌ನಿಂದ ಸ್ವಚ್ಛಗೊಳಿಸಿ. ಕಾದ ಎಂಜಿನ್ನಿಗೆ ನೀರು ಎರಚಿದರೆ ಲೋಹ ಅಸಮವಾಗಿ ಕುಗ್ಗಿ ಬಿರುಕು ಬಿಡಬಹುದು.

ಅಲಗು ಮತ್ತು ಅಪಾಯ

ಹುಲ್ಲು ಕತ್ತರಿಸುವ ಯಂತ್ರದ ಅಲಗು 48 ಸೆಂ.ಮೀ. ಉದ್ದವಿದ್ದು ನಿಮಿಷಕ್ಕೆ 3000 ಸುತ್ತು ತಿರುಗುತ್ತದೆಂದು ಭಾವಿಸಿ. ಸೆಕೆಂಡಿಗೆ 50 ಸುತ್ತು; ಪ್ರತಿ ಸುತ್ತಿನಲ್ಲಿ ತುದಿ ಕ್ರಮಿಸುವ ದೂರ 3.14 × 0.48, ಅಂದರೆ ಒಂದೂವರೆ ಮೀಟರ್. ಹಾಗಾಗಿ ತುದಿಯ ವೇಗ ಸೆಕೆಂಡಿಗೆ 75 ಮೀಟರ್, ಗಂಟೆಗೆ 270 ಕಿ.ಮೀ.! ಅದು ಕಲ್ಲೊಂದನ್ನು ತಗುಲಿದರೆ ಕಲ್ಲು ಗುಂಡಿನಂತೆ ಹಾರುತ್ತದೆ. ಕಲ್ಲುಬೆಟ್ಟಗಳ ಈ ಸೀಮೆಯಲ್ಲಿ ಮೈದಾನವನ್ನು ಮೊದಲು ನಡೆದು ನೋಡಿ ಕಲ್ಲು ಆಯುವುದು ಕಡ್ಡಾಯ. ಮಕ್ಕಳನ್ನು ದೂರವಿಡಿ.

ಕಲ್ಲಿಗೆ ಬಡಿದ ಮೇಲೆ ಎಂಜಿನ್ ಚಾಲೂ ಆಗದಿದ್ದರೆ ಅಥವಾ ಹಗ್ಗ ಹಿಂದಕ್ಕೆ ಸೆಳೆದರೆ ಗತಿಚಕ್ರದ ಕೀಲಿಯನ್ನು ಶಂಕಿಸಿ. ಮೆದು ಲೋಹದ ಆ ಪುಟ್ಟ ಕೀಲಿ ಕತ್ತರಿಸಿಹೋದರೆ ಅಯಸ್ಕಾಂತದ ಸ್ಥಾನ ಸರಿದು ಕಿಡಿ ತಪ್ಪು ಹೊತ್ತಿಗೆ ಹಾರುತ್ತದೆ. ನಾಲ್ಕೂ ಕೊಂಡಿಗಳಿದ್ದೂ ಎಂಜಿನ್ ಓಡದ ವಿಚಿತ್ರ ಸ್ಥಿತಿ ಇದು. ಮಸೆದ ಅಲಗನ್ನು ಅದರ ನಡುರಂಧ್ರದಲ್ಲಿ ಮೊಳೆಯ ಮೇಲೆ ತೂಗುಹಾಕಿ ನೋಡಿ. ಒಂದು ಬದಿ ವಾಲಿದರೆ ಆ ಬದಿಯನ್ನು ಇನ್ನಷ್ಟು ಮಸೆಯಬೇಕು. ಅಸಮತೋಲದ ಅಲಗು ನಡುಕ ಹುಟ್ಟಿಸಿ ಬೇರಿಂಗನ್ನು ಹಾಳುಮಾಡುತ್ತದೆ.

ಅಲಗು ಅಥವಾ ಕಳೆ ಯಂತ್ರದ ಕತ್ತಿಗಳನ್ನು ಮುಟ್ಟುವ ಮುನ್ನ ಎಂಜಿನ್ ನಿಲ್ಲಿಸಿ ಸ್ಪಾರ್ಕ್ ಪ್ಲಗ್ಗಿನ ಟೊಪ್ಪಿ ಕಿತ್ತಿಡಿ. ಸುತ್ತಿದ ಬಳ್ಳಿ ಬಿಡಿಸಲು ಅಲಗನ್ನು ಕೈಯಿಂದ ತಿರುಗಿಸಿದರೂ ಸಿಲಿಂಡರ್‌ನಲ್ಲಿ ಉಳಿದ ಮಿಶ್ರಣ ಉರಿದು ಬೆರಳು ಹೋಗಬಹುದು. ಯಂತ್ರವನ್ನು ವಾಲಿಸುವಾಗ ಕಾರ್ಬ್ಯುರೇಟರ್ ಮತ್ತು ಏರ್ ಫಿಲ್ಟರ್ ಮೇಲ್ಮುಖವಾಗಿರಲಿ; ಇಲ್ಲದಿದ್ದರೆ ಆಯಿಲ್ ಅವುಗಳೊಳಗೆ ಹರಿಯುತ್ತದೆ. ಕಾದ ಎಂಜಿನ್ನಿಗೆ ಪೆಟ್ರೋಲ್ ಹಾಕಬೇಡಿ. ಮುಚ್ಚಿದ ಕೋಣೆಯಲ್ಲಿ ಎಂದೂ ಓಡಿಸಬೇಡಿ: ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಆದರೆ ಅದು ರಕ್ತದ ಹೀಮೊಗ್ಲೋಬಿನ್ನನ್ನು ಹಿಡಿದು ಉಸಿರನ್ನೇ ಕಸಿಯುತ್ತದೆ.

ಲಕ್ಷಣದಿಂದ ಕಾರಣಕ್ಕೆ

ಚಾಲೂ ಆಗುವುದಿಲ್ಲ, ಪ್ಲಗ್ ಒಣಗಿದೆ: ಪೆಟ್ರೋಲ್ ಕಾಕ್, ಕೊಳವೆ, ಜೆಟ್ ನೋಡಿ.
ಚಾಲೂ ಆಗುವುದಿಲ್ಲ, ಪ್ಲಗ್ ಒದ್ದೆಯಾಗಿದೆ: ಚೋಕ್ ತೆರೆದು, ಪ್ಲಗ್ ಒಣಗಿಸಿ, ಕಿಡಿ ಪರೀಕ್ಷಿಸಿ, ಪೆಟ್ರೋಲಿನಲ್ಲಿ ನೀರಿದೆಯೇ ನೋಡಿ.
ಚೋಕ್ ಹಾಕಿದರಷ್ಟೇ ಓಡುತ್ತದೆ, ಅಥವಾ ವೇಗ ಏರಿಳಿಯುತ್ತದೆ: ಮಿಶ್ರಣ ತೆಳು, ಜೆಟ್ ಭಾಗಶಃ ಮುಚ್ಚಿದೆ.
ಕೆಲವು ನಿಮಿಷ ಓಡಿ ನಿಲ್ಲುತ್ತದೆ: ಟ್ಯಾಂಕ್ ಮುಚ್ಚಳದ ರಂಧ್ರ, ಕಟ್ಟಿದ ರೆಕ್ಕೆಗಳು.
ಕಪ್ಪು ಹೊಗೆ: ಏರ್ ಫಿಲ್ಟರ್, ಚೋಕ್.
ನೀಲಿ-ಬಿಳಿ ಹೊಗೆ: ಆಯಿಲ್ ಹೆಚ್ಚಾಗಿದೆ, ಯಂತ್ರ ವಾಲಿತ್ತು, ಇಲ್ಲವೇ ರಿಂಗ್ ಸವೆದಿದೆ.
ಹೊರೆ ಬಿದ್ದಾಗ ಶಕ್ತಿ ಸಾಲದು: ಫಿಲ್ಟರ್, ಮೊಂಡು ಅಲಗು, ಸಂಪೀಡನ.

ಒಂದು ಮಾತು ನೆನಪಿಡಿ. ಹೆಗಲಿಗೆ ನೇತುಹಾಕಿಕೊಂಡು ಬದುವಿನ ಹುಲ್ಲು ಸವರುವ ಯಂತ್ರಗಳಲ್ಲಿ ಅನೇಕವು ಎರಡು ಹೊಡೆತದವು. ಅವುಗಳಿಗೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಬೇಕು. ನಾಲ್ಕು ಹೊಡೆತದ ಎಂಜಿನ್ನಿಗೆ ಹಾಗೆ ಬೆರೆಸಬಾರದು.

ತರಗತಿಗೊಂದು ಪ್ರಯೋಗ

ಬಂಕಿನ ಪೆಟ್ರೋಲಿನಲ್ಲಿ ಎಥನಾಲ್ ಎಷ್ಟಿದೆ? ಇದನ್ನು ಶಿಕ್ಷಕರೇ, ಬಯಲಿನಲ್ಲಿ, ಬೆಂಕಿಯಿಂದ ದೂರವಾಗಿ ಮಾಡಿ ತೋರಿಸಬೇಕು. 50 ಮಿಲಿಯ ಮುಚ್ಚಳವಿರುವ ಅಳತೆ ಜಾಡಿಯಲ್ಲಿ 5 ಮಿಲಿ ನೀರು ಹಾಕಿ, 50ರ ಗುರುತಿನವರೆಗೆ ಪೆಟ್ರೋಲ್ ತುಂಬಿ. ಮುಚ್ಚಿ ಮೆಲ್ಲಗೆ ತಲೆಕೆಳಗು ಮಾಡಿ, ಆಗಾಗ ಮುಚ್ಚಳ ತೆರೆದು ಆವಿ ಬಿಡಿ. ಬಳಿಕ ಅಲುಗಾಡಿಸದೆ ಇಡಿ. ಕೆಳಗಿನ ನೀರಿನ ಪದರ 5ರಿಂದ ಸುಮಾರು 14 ಮಿಲಿಗೆ ಏರಿದ್ದರೆ 45 ಮಿಲಿ ಪೆಟ್ರೋಲಿನಲ್ಲಿ 9 ಮಿಲಿ, ಅಂದರೆ ಶೇಕಡ 20 ಎಥನಾಲ್ ಇದೆ. ನೀರು ಮತ್ತು ಎಥನಾಲ್ ಬೆರೆತಾಗ ಗಾತ್ರ ತುಸು ಕುಗ್ಗುವುದರಿಂದ ಅಳತೆ ಸ್ವಲ್ಪ ಕಡಿಮೆ ಬರಬಹುದು. ಏಕೆಂದು ವಿದ್ಯಾರ್ಥಿಗಳನ್ನು ಕೇಳಿ.

ನಿಮ್ಮ ವಿದ್ಯಾರ್ಥಿಗಳಲ್ಲಿ ಹಲವರ ಮನೆಯಲ್ಲಿ ಇಂಥ ಯಂತ್ರವಿರುತ್ತದೆ. ಪಠ್ಯದಲ್ಲಿ ಓದುವ ವಿದ್ಯುತ್ಕಾಂತೀಯ ಪ್ರೇರಣೆ, ದಹನ, ವಾಯುಒತ್ತಡ, ಶಾಖದ ವರ್ಗಾವಣೆ ಎಲ್ಲವೂ ಆ ಒಂದೇ ಪೆಟ್ಟಿಗೆಯಲ್ಲಿ ಕೂಡಿವೆ. ಮುಂದಿನ ಮಳೆಗೆ ಮುನ್ನ ಅದರ ಫಿಲ್ಟರ್, ಪ್ಲಗ್, ಆಯಿಲ್ ಮೂರನ್ನು ಮನೆಯ ಹಿರಿಯರ ಜೊತೆ ಕೂತು ನೋಡಿ, ಕಂಡದ್ದನ್ನು ಟಿಪ್ಪಣಿ ಮಾಡಿ ತರಲು ಹೇಳಿ. ಹದ ಬಂದ ದಿನ ಎಂಜಿನ್ ಮೊದಲ ಎಳೆತಕ್ಕೇ ಎದ್ದರೆ ಆ ಪಾಠ ಮನೆಮಂದಿಗೆಲ್ಲ ಆದಂತೆ.